ದಯವಿಟ್ಟು ಗಾಬರಿಯಾಗಬೇಡಿ

"ಅಯ್ಯೋ ಕರ್ಮವೇ, ನಿನ್ನ ಕೈಯಲ್ಲಿ ಒಂದಾದರೂ ನೆಟ್ಟಗಾಗುತ್ತಾ? ಒಂದಾದರೂ?"

ಹಲ್ಲುಜ್ಜುತ್ತಿದ್ದವಳ ಕೈ ನಿಂತಿತು. ಮಾತು ಅವಳದೇ. ಧಾಟಿಯೂ ಅವಳದೇ. 'ಒಂದಾದರೂ' ಎಂದು ಎರಡನೆಯ ಸಲ ಹೇಳುವಾಗ ಹಲ್ಲು ಕಚ್ಚುವುದು ಕೂಡ ಅವಳದೇ. ಆದರೆ ಅವಳು ಮಾತಾಡಿರಲಿಲ್ಲ. ಅವಳ ಬಾಯಿ ತುಂಬ ನೊರೆಯಿತ್ತು.

ಬಚ್ಚಲ ಬಾಗಿಲನ್ನು ಸ್ವಲ್ಪ ಸರಿಸಿ ನೋಡಿದಳು. ನಡುಮನೆಯ ನೆಲದ ಮೇಲೆ ಮಗಳು ಕೂತಿದ್ದಳು. ಮುಂದೆ ಶಾಲೆಗೆಂದು ರಟ್ಟಿನಲ್ಲಿ ಮಾಡಿದ ಸೇತುವೆ. ರಾತ್ರಿ ಹಚ್ಚಿದ ಅಂಟು ಬಿಟ್ಟುಕೊಂಡು ಒಂದು ಕಂಬ ಮಲಗಿಬಿಟ್ಟಿತ್ತು. ಮಗಳು ಅಂಗೈಯಿಂದ ತನ್ನ ಹಣೆಗೆ ಫಟ್ಟೆಂದು ಹೊಡೆದುಕೊಂಡಳು.

"ದಡ್ಡಿ. ಶುದ್ಧ ದಡ್ಡಿ."

ಅವಳು ಬಾಯಿ ಮುಕ್ಕಳಿಸಿ ಹೊರಗೆ ಬಂದಳು.

"ಏನಾಯ್ತು ಪುಟ್ಟಿ?"

"ಏನಿಲ್ಲಮ್ಮ."

"ಯಾರಿಗೆ ಬೈತಿದ್ದೆ?"

"ಯಾರಿಗೂ ಇಲ್ಲ. ನನಗೇ."

'ನನಗೇ' ಎಂದಾಗ ಮಗಳ ಮುಖದಲ್ಲಿ ತಪ್ಪು ಮಾಡಿದ ಕಳೆಯೇನೂ ಇರಲಿಲ್ಲ. ಬೇರೆಯವರಿಗೆ ಬೈದರೆ ತಪ್ಪು, ತನಗೆ ಬೈದುಕೊಂಡರೆ ಅದು ಮನೆಯ ರೂಢಿ ಎಂಬಂತೆ ಮತ್ತೆ ಅಂಟಿನ ಡಬ್ಬಿಯ ಮುಚ್ಚಳ ತಿರುಗಿಸತೊಡಗಿದಳು.

ಇದು ಅನ್ಯಾಯ. ಅವಳು ಮಗಳಿಗೆ ಒಂದು ದಿನವೂ ಒಂದು ಕೆಟ್ಟ ಮಾತು ಆಡಿದವಳಲ್ಲ. ಅದು ಅವಳ ಹಟ. ಅವಳ ಅಪ್ಪ ಹಾಗಿರಲಿಲ್ಲ. ಚಿಕ್ಕವಳಿದ್ದಾಗ ಪುಸ್ತಕ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತಿದ್ದ. ಕಣ್ಣು ಮುಚ್ಚಿ ಕುರ್ಚಿಗೆ ಒರಗಿ ಕೇಳುತ್ತಿದ್ದ. ಕೊನೆಯಲ್ಲಿ ಹೇಳುವುದು ಒಂದೇ ಮಾತು: "ಮತ್ತೆ." ಎಲ್ಲಿ ತಪ್ಪಿತು, ಏನು ತಪ್ಪಿತು, ಏನೂ ಇಲ್ಲ. ಮತ್ತೆ. ಅಪ್ಪ ಸತ್ತು ವರ್ಷಗಳಾದವು. ಆ 'ಮತ್ತೆ' ಮಾತ್ರ ಸಂಬಳವಿಲ್ಲದೆ, ರಜೆಯಿಲ್ಲದೆ ಅವಳ ತಲೆಯಲ್ಲಿ ಕೆಲಸ ಮಾಡಿಕೊಂಡೇ ಇತ್ತು.

ಮಗಳು ಹುಟ್ಟಿದ ದಿನವೇ ನಿಶ್ಚಯಿಸಿದ್ದಳು, ಈ ಮಗುವಿಗೆ ಆ ಮಾತು ಹೇಳುವುದಿಲ್ಲ ಎಂದು. ಹೇಳಲಿಲ್ಲ. ಹಾಲು ಉಕ್ಕಿದಾಗ, ಬೀಗದ ಕೈ ಮರೆತಾಗ, ಬಸ್ಸು ತಪ್ಪಿದಾಗ ಬೈದದ್ದೆಲ್ಲ ತನ್ನನ್ನೇ. ಕತ್ತೆ, ದರಿದ್ರದವಳು, ಯಾವ ಜನ್ಮಕ್ಕೆ ಬುದ್ಧಿ ಬರುತ್ತೆ ನಿನಗೆ. ಅದು ಅವಳ ಖಾಸಗಿ ವ್ಯವಹಾರ. ಚಿಕ್ಕ ಮನೆ, ತೆಳು ಗೋಡೆ, ಮಗುವಿಗೆ ಕಿವಿ ಇರುತ್ತದೆ ಎಂಬುದು ಇಷ್ಟು ಓದಿದವಳಿಗೆ ಹೊಳೆದಿರಲೇ ಇಲ್ಲ.

ಅಡುಗೆಮನೆಯಲ್ಲಿ ಗಂಡ ನಿಂತುಕೊಂಡೇ ಬ್ರೆಡ್ ತಿನ್ನುತ್ತಿದ್ದ.

"ಕೇಳಿಸ್ತಾ?"

"ಏನು?"

"ಅವಳು ತನಗೇ ಬೈಕೊಳ್ತಿದಾಳೆ. ಹಣೆ ಬೇರೆ ಹೊಡ್ಕೊಂಡ್ಲು."

"ಎಲ್ಲಿ ಕಲಿತಳೋ," ಎಂದ ಗಂಡ, ಬ್ರೆಡ್ಡನ್ನೇ ನೋಡುತ್ತ.

"ನನ್ನಿಂದ ಅಂತ ನೇರವಾಗಿ ಹೇಳಿ."

"ನಾನೆಲ್ಲಿ ಹೇಳಿದೆ?"

"ಹೇಳಬೇಕಾ? ಎಂಥ ತಾಯಿ ನಾನು. ಒಂದು ಮಗೂನ ಸರಿಯಾಗಿ ಬೆಳೆಸೋ ಯೋಗ್ಯತೆ ಇಲ್ಲ. ನನ್ನಂಥವಳಿಗೆ..."

"ನೋಡು," ಎಂದ ಗಂಡ, "ಶುರುವಾಯ್ತು."

ಹೌದು, ಶುರುವಾಗಿತ್ತು. ತನ್ನನ್ನು ಬೈದುಕೊಂಡದ್ದಕ್ಕೆ ತನ್ನನ್ನು ಬೈದುಕೊಳ್ಳುತ್ತಿದ್ದಳು. ಅದು ಗೊತ್ತಾದ ಕೂಡಲೇ ಅದಕ್ಕೂ ಒಂದು ಬೈಗುಳ ನಾಲಿಗೆಯ ತುದಿಗೆ ಬಂತು. ಇದಕ್ಕೆ ಕೊನೆಯೇ ಇಲ್ಲವಲ್ಲ ಎಂದು ರೇಗಿತು.

ಅವಳಿಗೆ ಧ್ವನಿಯೇ ಜೀವನ. ಊರಿನಲ್ಲಿ ಅವಳ ಧ್ವನಿ ಕೇಳದವರಿಲ್ಲ, ಅವಳ ಹೆಸರು ಕೇಳಿದವರಿಲ್ಲ. ಬ್ಯಾಂಕಿಗೆ ಫೋನ್ ಮಾಡಿದರೆ 'ನಿಮ್ಮ ಕರೆ ನಮಗೆ ಅಮೂಲ್ಯ' ಎನ್ನುವವಳು ಅವಳು. ಆಸ್ಪತ್ರೆಯಲ್ಲಿ ಟೋಕನ್ ಕರೆಯುವವಳು ಅವಳು. ಹೊರಗೆ ಕೆಲಸವಿದ್ದದ್ದರಿಂದ ಮನೆಯಲ್ಲಿ ಧ್ವನಿಯನ್ನು ಉಳಿಸುತ್ತಿದ್ದಳು. ಅರ್ಧ ಮಾತು, ಅರ್ಧ ಕೈಸನ್ನೆ. ಒಳ್ಳೇ ಧ್ವನಿಯೆಲ್ಲ ಹೊರಗಿನವರಿಗೆ, ನಮಗೆ ತಳ ಹಿಡಿದದ್ದು ಎಂದು ಗಂಡ ಹಿಂದೆಲ್ಲ ತಮಾಷೆ ಮಾಡುತ್ತಿದ್ದ. ಈಚೆಗೆ ಮಾಡುವುದಿಲ್ಲ.

ಅವರ ಕಟ್ಟಡದ ಲಿಫ್ಟಿನಲ್ಲಿ ಮಾತಾಡುವವಳೂ ಅವಳೇ. ಆ ಕೆಲಸ ಮಾಡಿದಾಗ ಮಗಳು ಹೊಟ್ಟೆಯಲ್ಲಿದ್ದಳು, ದಿನ ತುಂಬುತ್ತಿತ್ತು. ಮಹಡಿಗಳ ಹೆಸರು, ಬಾಗಿಲು ತೆರೆಯುತ್ತಿದೆ, ಬಾಗಿಲು ಮುಚ್ಚುತ್ತಿದೆ. ಕೊನೆಗೆ ಲಿಫ್ಟ್ ಕೆಟ್ಟು ನಿಂತರೆ ಹೇಳಲು ಒಂದು ಸಮಾಧಾನದ ಮಾತು. ಅದರಲ್ಲಿ 'ದಯವಿಟ್ಟು' ಆದಮೇಲೆ ಉಸಿರು ಸಾಲದೆ ಒಂದು ಗುಟುಕು ಗಾಳಿ ಎಳೆದುಕೊಂಡಿದ್ದಳು. ಕೇಳಿಸುವಂತೆ. ಇನ್ನೊಂದು ಸಲ ಹೇಳುತ್ತೇನೆ ಎಂದು ಗೋಗರೆದರೂ, ಸಾಕು ಮೇಡಂ, ಯಾರು ಕೇಳ್ತಾರೆ ಎಂದು ಕಂಪನಿಯವರು ಎದ್ದುಹೋಗಿದ್ದರು.

ಹತ್ತಾರು ಕಟ್ಟಡ ಬಿಟ್ಟು ಆ ಯಂತ್ರ ಇಲ್ಲಿಗೇ ಬರಬೇಕೇ? ಅಂದಿನಿಂದ ಅವಳು ಮೆಟ್ಟಿಲು ಹತ್ತುತ್ತಾಳೆ. ಆರೋಗ್ಯಕ್ಕೆ ಒಳ್ಳೇದು ಎನ್ನುತ್ತಾಳೆ. ಮಗಳಿಗೆ ಹೇಳಕೂಡದು ಎಂದು ಗಂಡನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಲಿಫ್ಟ್ ಎಂದಾದರೂ ಕೆಟ್ಟರೆ, ಆ ತಪ್ಪು ತಾಯಿಯದೆಂದು ಮಗಳಿಗೆ ತಿಳಿಯುವುದು ಬೇಡ. ಏನೂ ತಿಳಿಯದ ಮಗಳು ಆ ಧ್ವನಿಗೆ 'ಲಿಫ್ಟ್ ಆಂಟಿ' ಎಂದು ಹೆಸರಿಟ್ಟು, ಬಂದು ಹೋಗುವಾಗಲೆಲ್ಲ ಟಾಟಾ ಹೇಳುತ್ತಾಳೆ.

ಆ ದಿನದ ಕೆಲಸ ಏನೆಂದು ಸ್ಟುಡಿಯೋಗೆ ಹೋದಮೇಲೆ ಗೊತ್ತಾಯಿತು.

"ಆತ್ಮಕರುಣೆ," ಎಂದಳು ಆಪ್ತಸಮಾಲೋಚಕಿ. ಇನ್ನೂ ಚಿಕ್ಕ ವಯಸ್ಸಿನವಳು. ಹತ್ತಿಯ ಬಟ್ಟೆ, ಶಾಂತ ಮುಖ. "ನಮ್ಮನ್ನು ನಾವು ಬೈಕೊಳ್ಳೋದು ಬಿಟ್ಟು ಪ್ರೀತಿಯಿಂದ ಮಾತಾಡಿಸೋದು. ಜನ ಮಲಗೋ ಮುಂಚೆ ಕೇಳೋಕೆ. ನಿಮ್ಮ ಧ್ವನಿಗೆ ಹೇಳಿ ಮಾಡಿಸಿದ ಹಾಗಿದೆ ಮೇಡಂ."

"ಹೌದಾ," ಎಂದಳು ಅವಳು.

ರೆಕಾರ್ಡಿಂಗ್ ಎಂಜಿನಿಯರ್ ಗಾಜಿನ ಆಚೆ ಕೂತಿದ್ದ. ಅವನನ್ನು ಎಲ್ಲರೂ ಕರೆಯುವುದು 'ಕಿವಿ' ಎಂದು. ಪಕ್ಕದ ಬೀದಿಯಲ್ಲಿ ಹೋಗುವ ಸ್ಕೂಟರಿನ ಯಾವ ನಟ್ಟು ಸಡಿಲವಾಗಿದೆ ಎಂದು ಹೇಳಬಲ್ಲ, ಎದುರಿಗೆ ಕೂತವರು ಹೇಳಿದ್ದನ್ನು ಮಾತ್ರ ಕೇಳಿಸಿಕೊಳ್ಳುವುದಿಲ್ಲ. ಅವಳು ಗಾಜಿನ ಕೋಣೆಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡಳು.

ಮೊದಲ ಪುಟಗಳು ಸರಾಗವಾಗಿ ಹೋದವು. ಕಣ್ಣು ಮುಚ್ಚಿಕೊಳ್ಳಿ. ಭುಜ ಸಡಿಲ ಬಿಡಿ. ದಿನವಿಡೀ ನೀವು ಹೊತ್ತಿದ್ದನ್ನು ಕೆಳಗಿಡಿ. ಇಂಥದ್ದಕ್ಕೆ ಅವಳಿಗೆ ತಯಾರಿ ಬೇಕಿಲ್ಲ. ಯಾರು ಬೇಕಾದರೂ ನಂಬುವಂತೆ ಯಾರಿಗೆ ಬೇಕಾದರೂ ಹೇಳಬಲ್ಲಳು. ಕಿವಿ ಕೂಡ ಒಮ್ಮೆ ಆಕಳಿಸಿದ, ಅದನ್ನು ಹೊಗಳಿಕೆ ಎಂದೇ ತಿಳಿಯಬೇಕು.

ತೊಡಕಾದದ್ದು ಕೊನೆಯ ಪುಟದಲ್ಲಿ. ಅಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. ಎದೆಯ ಮೇಲೆ ಕೈಯಿಟ್ಟುಕೊಂಡು ತನಗೆ ತಾನೇ ಹೇಳಿಕೊಳ್ಳಬೇಕಾದ ಮಾತು.

"ನೀನು ಇದ್ದ ಹಾಗೇ ಸಾಕು."

"ಓಕೆ ಮೇಡಂ," ಎಂದ ಕಿವಿ.

"ಇಲ್ಲ. ಮತ್ತೆ."

"ಚೆನ್ನಾಗಿತ್ತಲ್ಲ."

"'ಸಾಕು' ಅನ್ನೋದು ಖಾಲಿ ಹೊಡೀತಿದೆ. ಮತ್ತೆ."

ಮತ್ತೆ ಹೇಳಿದಳು. ಈ ಸಲ 'ಸಾಕು' ತುಂಬಿತು, 'ಇದ್ದ ಹಾಗೇ' ಸೊರಗಿತು. ಮತ್ತೆ ಹೇಳಿದಳು. ಈಗ ಇಡೀ ವಾಕ್ಯ ಸೋಪಿನ ಜಾಹೀರಾತಿನಂತೆ ಕೇಳಿತು. ಮತ್ತೆ. ಇನ್ನೂ ಮೆತ್ತಗೆ. ಬಡಿಸುವವರಿಗೆ ಊಟದ ಎಲೆಯ ಮುಂದೆ ಕೂತವರು ಹೇಳುವ 'ಸಾಕು' ಆಯಿತು. ಸಮಾಲೋಚಕಿ ಮೊದಮೊದಲು ತಲೆದೂಗುತ್ತಿದ್ದವಳು ಆಮೇಲೆ ಬಾಟಲಿಯಿಂದ ನೀರು ಕುಡಿದಳು, ಆಮೇಲೆ ಫೋನು ತೆಗೆದಳು.

"ಮೇಡಂ, ಮೊದಲನೇದನ್ನೇ ಇಟ್ಕೊಳ್ಳೋಣ," ಎಂದ ಕಿವಿ.

"ಅದು ಸುಳ್ಳು."

"ಸುಳ್ಳೋ ನಿಜವೋ, ಸೌಂಡ್ ಲೆವೆಲ್ ಸರಿಯಾಗಿದೆ."

"ಮತ್ತೆ," ಎಂದಳು.

ಮಧ್ಯಾಹ್ನದ ಊಟದ ಹೊತ್ತು ದಾಟಿತು. ಗಂಟಲು ಉರಿಯತೊಡಗಿತು. ಅವಳಿಗೆ ತನ್ನ ಮೇಲೆ, ಆ ವಾಕ್ಯದ ಮೇಲೆ, ಅದನ್ನು ಬರೆದ ಹುಡುಗಿಯ ಶಾಂತ ಮುಖದ ಮೇಲೆ, ಬೆಳಿಗ್ಗೆ ಮಲಗಿಬಿಟ್ಟ ರಟ್ಟಿನ ಕಂಬದ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು. ಇಷ್ಟು ಸಣ್ಣ ಮಾತು. ಇದನ್ನು ಇಂದು ಇಲ್ಲಿ ಹೇಳಲು ಬಾರದಿದ್ದರೆ ಮನೆಯಲ್ಲಿ ಮಗಳಿಗೆ ಹೇಗೆ ಹೇಳುವುದು? ಹೇಳದಿದ್ದರೆ ಆ ಮಗು ದೊಡ್ಡವಳಾಗಿ, ಒಂದು ದಿನ ಯಾವುದೋ ಗಾಜಿನ ಕೋಣೆಯಲ್ಲಿ ನಿಂತು ತನ್ನ ಹಣೆ ಹೊಡೆದುಕೊಳ್ಳುತ್ತಾಳೆ. ಅದನ್ನು ತಪ್ಪಿಸುವವರು ಬೇರೆ ಯಾರೂ ಇಲ್ಲ.

ಕಿವಿ ಏನೋ ಗುಂಡಿ ಒತ್ತಿದ. "ಒಂದು ಸಲ ಎಲ್ಲಾ ಕೇಳಿಬಿಡಿ. ನೀವೇ ಆರಿಸಿ."

ಹೆಡ್‌ಫೋನಿನಲ್ಲಿ ಅವಳ ಧ್ವನಿ ಹೊರಟಿತು. ಮೈಕನ್ನು ಅವನು ನಡುವೆ ಆಫ್ ಮಾಡಿಯೇ ಇರಲಿಲ್ಲ.

"ನೀನು ಇದ್ದ ಹಾಗೇ ಸಾಕು. ಥೂ, ಕತ್ತೆ. ನೀನು ಇದ್ದ ಹಾಗೇ ಸಾಕು. ಏನು ಗಂಟಲೋ ಇದು, ಬೆಂಕಿ ಹಾಕ. ನೀನು ಇದ್ದ ಹಾಗೇ ಸಾಕು. ನಾಚಿಕೆ ಇಲ್ವಾ ನಿನಗೆ, ಇಷ್ಟು ವರ್ಷ ಏನು ಕಡಿದು ಗುಡ್ಡೆ ಹಾಕಿದೀಯ? ನೀನು ಇದ್ದ ಹಾಗೇ ಸಾಕು. ಒಂದಾದರೂ ನೆಟ್ಟಗಾಗುತ್ತಾ? ಒಂದಾದರೂ?"

ಗಾಜಿನ ಆಚೆ ಸ್ಪೀಕರಿನಲ್ಲೂ ಅದೇ ಕೇಳುತ್ತಿತ್ತು. ಸಮಾಲೋಚಕಿ ಫೋನು ಕೆಳಗಿಟ್ಟು ನೆಟ್ಟಗೆ ಕೂತಳು. ಅವಳ ಕಣ್ಣು ಹೊಳೆಯುತ್ತಿತ್ತು.

"ಮೇಡಂ, ತಪ್ಪು ತಿಳ್ಕೋಬೇಡಿ. ಆ ಬೈಗುಳ ಇದೆಯಲ್ಲ, ಅದು ಎಷ್ಟು ಸಹಜವಾಗಿದೆ! ಎಷ್ಟು ಜೀವ ಇದೆ ಅದರಲ್ಲಿ! ಅದೇ ಭಾವ ನಮ್ಮ ವಾಕ್ಯಕ್ಕೆ ತರಬಹುದಾ?"

ಕಿವಿ ತಲೆಯೆತ್ತಿ ಸೂರು ನೋಡಿದ.

"ಅಳಿಸಿಬಿಡಿ," ಎಂದಳು ಅವಳು.

"ಬೈದದ್ದಾ, ಹೊಗಳಿದ್ದಾ?"

"ಎರಡೂ. ಮೊದಲನೇದು ಇಟ್ಕೊಳ್ಳಿ. ನನಗೆ ಹೋಗಬೇಕು."

"ಬೆಳಿಗ್ಗೇನೇ ಹೇಳಿದ್ದೆ," ಎಂದು ಕಿವಿ ತನ್ನ ಪಾಡಿಗೆ ಗೊಣಗಿದ್ದು ಗಾಜನ್ನು ದಾಟಿ ಬರಲಿಲ್ಲ, ಆದರೆ ಅವಳು ತುಟಿಯಲ್ಲೇ ಓದಿಕೊಂಡಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅಭ್ಯಾಸ ಮಾಡಿದಳು, ಸದ್ದಿಲ್ಲದೆ. ಮಗಳು ಎದುರಿಗೆ ಇದ್ದಾಳೆ ಎಂದುಕೊಂಡಳು. ನೋಡು ಪುಟ್ಟಿ, ನೀನು ಇದ್ದ ಹಾಗೇ ಸಾಕು. ನಾಟಕದ ಮಾತಾಯಿತು. ನೋಡು ಪುಟ್ಟಿ, ಬೈಕೋಬೇಡ. ಅದು ಇನ್ನೊಂದು ಬೈಗುಳವೇ. ಎದುರು ಸೀಟಿನ ಮುದುಕ ಅವಳ ಅಲುಗುವ ತುಟಿಗಳನ್ನು ನೋಡಿ ಬ್ಯಾಗನ್ನು ತನ್ನ ಕಡೆಗೆ ಎಳೆದುಕೊಂಡ.

ಕಟ್ಟಡದ ಬಾಗಿಲಲ್ಲೇ ಮಗಳು ಸಿಕ್ಕಳು. ಬೆನ್ನಿಗೆ ಶಾಲೆಯ ಚೀಲ. ಎರಡೂ ಕೈಯಲ್ಲಿ ತಬ್ಬಿ ಹಿಡಿದ ದೊಡ್ಡ ರಟ್ಟಿನ ಡಬ್ಬ, ಅದರೊಳಗೆ ಸೇತುವೆ.

"ಏನಂದ್ರು ಟೀಚರ್?"

"ಚೆನ್ನಾಗಿದೆ ಅಂದ್ರು."

"ಮತ್ತೆ ಮುಖ ಯಾಕೆ ಹಾಗೆ?"

"ಸುಮ್ನೆ ಅಂದಿರ್ತಾರೆ ಅಮ್ಮ. ಒಂದು ಕಂಬ ಸೊಟ್ಟಗಿದೆ. ಅವರು ನೋಡಿಲ್ಲ ಅಷ್ಟೆ."

ಆ ಉತ್ತರ ಅವಳಿಗೆ ಬಾಯಿಪಾಠವಿತ್ತು. ಮೊನ್ನೆ ಯಾರೋ ಫೋನಿನಲ್ಲಿ ಹೊಗಳಿದಾಗ ಗಂಡನಿಗೆ ಇದನ್ನೇ ಹೇಳಿದ್ದಳು.

"ನೀನು ಮೆಟ್ಟಿಲು ಹತ್ತು. ನಾನು ಲಿಫ್ಟಲ್ಲಿ ಬರ್ತೀನಿ," ಎಂದಳು ಮಗಳು, ಎಂದಿನಂತೆ.

"ಇವತ್ತು ನಾನೂ ಬರ್ತೀನಿ."

ಮಗಳು ಅವಳನ್ನು ಅನುಮಾನದಿಂದ ನೋಡಿದಳು. "ನಿನಗೆ ಹುಷಾರಿಲ್ವಾ?"

"ಹುಷಾರಾಗಿದೀನಿ. ಬಾ."

ಲಿಫ್ಟಿನಲ್ಲಿ ಹಿಂಬದಿಗೆ ಕನ್ನಡಿಯಿತ್ತು. ಅದು ಇರುವುದೇ ಅವಳಿಗೆ ಗೊತ್ತಿರಲಿಲ್ಲ. 'ಬಾಗಿಲು ಮುಚ್ಚುತ್ತಿದೆ,' ಎಂದಿತು ಅವಳ ಧ್ವನಿ ತಲೆಯ ಮೇಲಿನಿಂದ. ಅವಳು ಚೀಲದ ಪಟ್ಟಿಯನ್ನು ಬಿಗಿಹಿಡಿದಳು. ಮಗಳು ಸೂರಿನ ಕಡೆ ಮುಖವೆತ್ತಿ, "ಹಾಯ್ ಆಂಟಿ," ಎಂದಳು. ಲಿಫ್ಟ್ ಮೇಲೇರಿತು. ಈಗ ಹೇಳಬೇಕು, ಮನೆಯ ಬಾಗಿಲು ತೆರೆದು ದಿನಸಿ, ಪಾತ್ರೆ, ಗಂಡನ ಶೂ ಎಲ್ಲ ಎದುರಾಗುವ ಮೊದಲು.

ಅಷ್ಟರಲ್ಲಿ ದೀಪ ಹೋಯಿತು. ಲಿಫ್ಟ್ ಒಮ್ಮೆ ಕುಲುಕಿ ಎರಡು ಮಹಡಿಗಳ ನಡುವೆ ನಿಂತಿತು. ಮೂಲೆಯಲ್ಲಿ ಸಣ್ಣದೊಂದು ಹಳದಿ ದೀಪ ಹತ್ತಿಕೊಂಡಿತು. ಡಬ್ಬ ಮಗಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಒಳಗೆ ಏನೋ ಕಿತ್ತುಬಂದ ಸದ್ದು.

ಮಗಳು ಅದನ್ನು ತೆರೆದು ನೋಡಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಂತಳು. ಉಸಿರು ಮೇಲೆ ಮೇಲೆ ಬರುತ್ತಿತ್ತು.

"ಎಲ್ಲಾ ನನ್ನಿಂದಾನೇ. ನಾನು ಲಿಫ್ಟು ಅನ್ನದಿದ್ರೆ ಮೆಟ್ಟಿಲಲ್ಲೇ ಹೋಗಬಹುದಿತ್ತು. ನಾನೊಬ್ಬಳು ದರಿದ್ರದವಳು. ನನ್ನ ಕೈಯಲ್ಲಿ ಒಂದಾದರೂ..."

ಇದೇ ಆ ಹೊತ್ತು. ದಿನವಿಡೀ ಅವಳು ಇದಕ್ಕೇ ಗಂಟಲು ಸವೆಸಿದ್ದಳು. ಮೊಣಕಾಲೂರಿ ಮಗಳ ಎದುರು ಕೂತಳು. ವಾಕ್ಯ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಬಾಯಿ ತೆರೆದಳು. ಬಂದದ್ದು ಒಣ ಗರಗರ ಸದ್ದು. ಆಮೇಲೆ ಕೆಮ್ಮು. ಇನ್ನೊಮ್ಮೆ ಪ್ರಯತ್ನಿಸಿದಳು. ಮತ್ತೆ ಕೆಮ್ಮು.

"ಥೂ, ಇದರ ಗಂಟಲಿಗಿಷ್ಟು!" ಎಂದಳು. ಅಷ್ಟು ಮಾತ್ರ ಎಲ್ಲಿಯೂ ತಡೆಯದೆ ಸ್ಪಷ್ಟವಾಗಿ ಬಂತು. "ಬೇಕಾದಾಗ ಕೈ ಕೊಡತ್ತೆ. ಯಾವ ಕೆಲಸಕ್ಕೂ ಬಾರದವಳು ನಾನು."

ಮಗಳು ತಲೆಯಾಡಿಸಿದಳು, ಅರ್ಥವಾಯಿತು ಎಂಬಂತೆ. ಇಬ್ಬರೂ ಒಂದೇ ಮನೆಯವರು ಎಂಬಂತೆ. ಆಮೇಲೆ ತಾಯಿಯ ತಲೆಯ ಮೇಲಿಂದ ಕೈ ಚಾಚಿ ಗಂಟೆಯ ಚಿತ್ರವಿದ್ದ ಗುಂಡಿಯನ್ನು ಒತ್ತಿದಳು.

"ದಯವಿಟ್ಟು," ಎಂದಿತು ಸೂರು. ಒಂದು ಗುಟುಕು ಗಾಳಿ ಎಳೆದುಕೊಂಡ ಸದ್ದು. "ಗಾಬರಿಯಾಗಬೇಡಿ. ನೀವು ಒಬ್ಬರೇ ಇಲ್ಲ. ಸಹಾಯ ಬರುತ್ತಿದೆ. ಅಲ್ಲಿಯವರೆಗೆ ನಿಧಾನವಾಗಿ ಉಸಿರಾಡಿ."

ಇಷ್ಟು ವರ್ಷ ಅವಳು ತಪ್ಪಿಸಿಕೊಂಡು ಓಡಾಡಿದ ಉಸಿರು ಅದು. ಅವಳು ನೆನೆದದ್ದಕ್ಕಿಂತಲೂ ಜೋರಾಗಿ ಕೇಳಿತು. ಅಳಿಸಲಾಗದ ತಪ್ಪು. ಅವಳು ಕಣ್ಣು ಮುಚ್ಚಿಕೊಂಡಳು. ತೆರೆದಾಗ ಮಗಳ ಭುಜ ಇಳಿದಿತ್ತು. ಮುಷ್ಟಿ ಬಿಚ್ಚಿತ್ತು.

"ಆಂಟಿ ಎಷ್ಟು ಚೆನ್ನಾಗಿ ಹೇಳ್ತಾರೆ ಅಲ್ವಾಮ್ಮ?"

ಅವಳು ಮಗಳ ಮುಖ ನೋಡಿದಳು. ಆಣೆ ಮಾಡಿಸಿಕೊಂಡದ್ದು ನೆನಪಾಯಿತು. ಅದು ಈಗ ಶುದ್ಧ ಮೂರ್ಖತನವಾಗಿ ಕಂಡಿತು.

"ಅದು ನಾನೇ ಪುಟ್ಟಿ," ಎಂದಳು ಒಡಕು ಗಂಟಲಲ್ಲಿ.

"ಏನು?"

"ಆ ಧ್ವನಿ. ನಂದೇ. ನೀನು ಹೊಟ್ಟೇಲಿದ್ದಾಗ ಹೇಳಿದ್ದು."

ಮಬ್ಬಿನಲ್ಲಿ ಮಗಳ ಹಲ್ಲು ಕಾಣಿಸಿತು. ನಗುತ್ತಿದ್ದಳು, ಕೆಟ್ಟ ನಗುವಲ್ಲ.

"ಹೋಗಮ್ಮ. ನೀನೆಲ್ಲಿ ಹಾಗೆ ಮಾತಾಡ್ತೀಯ?"

"ನಿಜವಾಗ್ಲೂ."

"ಸರಿ, ಹಾಗಾದ್ರೆ ಹೇಳು ನೋಡೋಣ."

ಅವಳು ಬಾಯಿ ತೆರೆದಳು. "ದಯವಿ..." ಗಂಟಲು ಹರಿದ ಬಟ್ಟೆಯಂತಾಯಿತು. ನಿಲ್ಲಿಸಿದಳು. ತಲೆಯೊಳಗೆ ಯಾರೋ ಕಣ್ಣು ಮುಚ್ಚಿ ಕುರ್ಚಿಗೆ ಒರಗಿಕೊಂಡರು.

"ಬಿಡಮ್ಮ, ಪರವಾಗಿಲ್ಲ," ಎಂದಳು ಮಗಳು, ದೊಡ್ಡವರಂತೆ. "ಆಂಟಿ ಮತ್ತೆ ಹೇಳ್ಲಿ."

ಗುಂಡಿ ಒತ್ತಿದಳು. ದಯವಿಟ್ಟು, ಎಂದಿತು ಸೂರು. ಗಾಳಿ ಎಳೆದುಕೊಂಡಿತು. ಅದೇ ಜಾಗದಲ್ಲಿ, ಅದರ ಜೊತೆಗೇ, ಮಗಳೂ ಒಂದು ಉಸಿರು ಎಳೆದುಕೊಂಡಳು, ಕಲಿತದ್ದಲ್ಲ, ಹೇಳಿಕೊಟ್ಟದ್ದಲ್ಲ. ಗಾಬರಿಯಾಗಬೇಡಿ. ನೀವು ಒಬ್ಬರೇ ಇಲ್ಲ.

"ಮತ್ತೆ," ಎಂದಳು ಮಗಳು, ಒತ್ತಿದಳು.

ಎಲ್ಲೋ ಕೆಳಗೆ ಯಾರೋ ಕಬ್ಬಿಣದ ಬಾಗಿಲು ಬಡಿಯುತ್ತಿದ್ದರು. ಮಗಳು ಗೋಡೆಗೆ ಒರಗಿ, ಡಬ್ಬವನ್ನು ಕಾಲ ನಡುವೆ ಇಟ್ಟುಕೊಂಡು, ಮುಖ ಮೇಲೆತ್ತಿ ಕೇಳುತ್ತಿದ್ದಳು. ಅವಳು ಮಗಳ ಎದುರಿನಲ್ಲಿ ಮೊಣಕಾಲ ಮೇಲೇ ಕೂತಿದ್ದಳು. ಕನ್ನಡಿಯಲ್ಲಿ ಒಬ್ಬ ಹೆಂಗಸು ಕಂಡಳು. ಸೂರಿನಿಂದ ಬರುವ ಒಂದೊಂದು ಮಾತಿಗೂ ಆ ಹೆಂಗಸಿನ ತುಟಿ ಅಲುಗುತ್ತಿತ್ತು, ಸದ್ದಿಲ್ಲದೆ, ಪ್ರತಿ ಸಲವೂ ಸ್ವಲ್ಪ ತಡವಾಗಿ.